ಅವ್ವನ ಸಜ್ಜಕ

ಹೆರಿಗೆಗೆ ಹೊರಟ ಮಗಳು ತವರಿನ ಹೊಸ್ತಿಲು ದಾಟುವ ಮೊದಲು ಹೆತ್ತವಳ ಕೈತುತ್ತು ಉಣ್ಣಬೇಕು ಎನ್ನುವುದು ಕೌಜಲಗಿಯ ನಮ್ಮ ಮನೆಯ ಪದ್ಧತಿ. ಅದೂ ಬರೀ ಅನ್ನವಲ್ಲ. ಬೆಲ್ಲ ಹಾಕಿ ಕುದಿಸಿದ ರವೆಯ ಸಜ್ಜಕ, ಮೇಲೆ ಬೆರಳು ಮುಳುಗುವಷ್ಟು ತುಪ್ಪ. ಖಾಲಿ ಹೊಟ್ಟೆಯಲ್ಲಿ ಹೆಣ್ಣು ಹೆರುವುದಾದರೂ ಹೇಗೆ ಎಂದು ಅವ್ವ ಕೇಳುತ್ತಿದ್ದಳು. ಕೇಳುವುದೇನು ಬಂತು, ಜಗಳಕ್ಕೇ ನಿಲ್ಲುತ್ತಿದ್ದಳು. ಅವಳ ಹಟದ ಮುಂದೆ ಅಪ್ಪ ತೆಪ್ಪಗಿರುತ್ತಿದ್ದ.

ಅಕ್ಕನಿಗೆ ನೋವು ಹಿಡಿದು ಹಗಲು ಕಳೆಯಿತು, ರಾತ್ರಿಯೂ ಕಳೆಯಿತು, ಕೂಸು ಇಳಿಯಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಗೋಕಾಕದ ದವಾಖಾನೆಗೆ ಒಯ್ಯಲು ಗಾಡಿ ಹೂಡಿದಾಗ ಅವ್ವ ಬಟ್ಟಲು ಹಿಡಿದು ಬಂದಳು. ಅಕ್ಕ ನೋವಿಗೆ ಮುಖ ಹಿಂಡುತ್ತಲೇ ಅಷ್ಟನ್ನೂ ತಿಂದಳು, ಪಾಪ. ಹೊಟ್ಟೆಗೆ ಏನಾದರೂ ಕೊಟ್ಟಿದ್ದೀರಾ ಎಂದು ದವಾಖಾನೆಯ ಹೆಣ್ಣು ಡಾಕ್ಟರು, ನಾವೆಲ್ಲ ಬಾಯಿಯವರು ಎನ್ನುವವರು, ಕೇಳಿದರಂತೆ. ಎಲ್ಲಿ ಬೈಯುತ್ತಾರೋ ಎಂದು ಅಂಜಿ ಅವ್ವ, ಏನೂ ಇಲ್ಲ ಎಂದುಬಿಟ್ಟಳು. ಆಪರೇಶನ್ನಿಗೆಂದು ಬೆನ್ನಿಗೆ ಚುಚ್ಚಿದ ಔಷಧ ಸರಿಯಾಗಿ ಹತ್ತಲಿಲ್ಲವೆಂದು ಮೂಗಿಗೆ ಔಷಧ ಹಿಡಿದು ಎಚ್ಚರ ತಪ್ಪಿಸಿದರು. ಆ ಮಂಪರಿನಲ್ಲೇ ಅಕ್ಕ ವಾಂತಿ ಮಾಡಿಕೊಂಡಳು; ತಿಂದದ್ದು ಉಸಿರಿನ ಕೊಳವೆಗೆ ಇಳಿಯಿತು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಮರುದಿನ ಅಕ್ಕನೂ ಹೋದಳು.

ವಾಂತಿಯ ಸಂಗತಿಯನ್ನು ಬಾಯಿಯವರು ಹೇಳಿದ್ದು ಅಪ್ಪನೊಬ್ಬನಿಗೆ. ಅವ್ವನಿಗೆ ಗೊತ್ತಿದ್ದದ್ದು, ಅಕ್ಕನ ಮೈ ಆಪರೇಶನ್ ತಡೆದುಕೊಳ್ಳಲಿಲ್ಲ ಎಂಬುದಷ್ಟೇ. ಅಪ್ಪ ಇದನ್ನು ಒಳಗೇ ನುಂಗಿಕೊಂಡಿದ್ದ. ನಾನು ಬಸುರಿಯಾದಾಗ, ನನ್ನ ಜೀವಕ್ಕೆ ಅಂಜಿ, ಬಾಯಿಬಿಟ್ಟ.

"ನೀ ಹಡಿಯಾಕ ಹೋಗೂಮುಂದ ಏನೂ ತಿನ್ನಬ್ಯಾಡವ್ವ. ಆದ್ರ ಯಾಕಂತ ನಿಮ್ಮವ್ವಗ ಹೇಳಬ್ಯಾಡ. ತಿಳಿದ್ರ ಆಕಿ ಉಳಿಯಂಗಿಲ್ಲ."

ನನ್ನ ಸೊಂಟವೂ ಅಕ್ಕನದರಂತೆ ಕೂಸು ಇಳಿಯಲಾರದಷ್ಟು ಸಣ್ಣದು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ ನನ್ನನ್ನು ಅದೇ ಬಾಯಿಯವರ ಹತ್ತಿರ ಕರೆದೊಯ್ದ. ಕೊಯ್ದೇ ತೆಗೆಯಬೇಕು ಎಂದರು. ಬೆನ್ನಿಗೆ ಸೂಜಿ ಕೊಟ್ಟಮೇಲೆ ರಕ್ತದ ಒತ್ತಡ ಇಳಿಯುತ್ತದೆ, ಆಗ ಹೊಟ್ಟೆ ತೊಳಸುತ್ತದೆ ಎಂದು ನನಗೆ ತಿಳಿಯುವ ಹಾಗೆ ಹೇಳಿದರು. ಅದಾಗದಂತೆ ಮೊದಲೇ ರಕ್ತನಾಳಕ್ಕೆ ಸಲಾಯಿನ್ ಹನಿಸುತ್ತಾರಂತೆ, ಬಸಿರಿನ ಭಾರ ದೊಡ್ಡ ನಾಳದ ಮೇಲೆ ಬೀಳದಂತೆ ಬಲ ಪಕ್ಕೆಗೆ ದಿಂಬು ಕೊಡುತ್ತಾರಂತೆ. ಅದೆಲ್ಲ ಅವರ ಕೆಲಸ. ಹಿಂದಿನ ರಾತ್ರಿಯ ಗಂಜಿಯಾದ ಮೇಲೆ ಏನನ್ನೂ ಮುಟ್ಟದೆ ಇರುವುದು ನನ್ನ ಕೆಲಸ.

ಆಪರೇಶನ್ನಿನ ಹಿಂದಿನ ದಿನವೇ, ತವರಿಗೆ ಹೋಗದೆ, ಗಂಡನ ಮನೆಯಿಂದ ನೇರ ದವಾಖಾನೆ ಸೇರಿದ್ದೆ. ಅವ್ವ ಮರುದಿನ ಬೆಳಗಿನ ಮೊದಲ ಬಸ್ಸಿಗೇ ಬಂದಳು. ನರ್ಸ್ ಅತ್ತ ಹೋದದ್ದೇ ತಡ, ಸೆರಗಿನೊಳಗಿಂದ ಹಿತ್ತಾಳೆಯ ಡಬ್ಬಿ ತೆಗೆದಳು. ಸಜ್ಜಕ ಇನ್ನೂ ಬಿಸಿಯಾಗಿತ್ತು. ಹಸಿವಿಗೆ ನನ್ನ ಬಾಯಲ್ಲಿ ನೀರೂರಿತು. ವಾಸನೆಗೇ ವಾಕರಿಕೆ ಬರುತ್ತಿದೆ ಎಂದು ಸುಳ್ಳು ಹೇಳಿದೆ. ಒಂದೇ ತುತ್ತು ಎಂದಳು. ಬಾಯಿಯವರು ಬೇಡವೆಂದಿದ್ದಾರೆ ಎಂದೆ. ಈ ಡಾಕ್ಟರರೆಲ್ಲ ಹೀಗೇ, ಅವರೇನು ಹೆತ್ತಿದ್ದಾರೋ ಹೊತ್ತಿದ್ದಾರೋ ಎಂದು ಗೊಣಗಿದಳು. ಆಮೇಲೆ ತುತ್ತು ಕೈಯಲ್ಲೇ ಹಿಡಿದುಕೊಂಡು ಮೆಲ್ಲಗೆ ಹೇಳಿದಳು.

"ನಿಮ್ಮಕ್ಕ ಹಸಗೊಂಡು ಹೋಗಲಿಲ್ಲವ್ವ. ನನ್ನ ಕೈಲೆ ಹೊಟ್ಟಿ ತುಂಬ ಉಂಡು ಹೋದ್ಲು. ಅದೊಂದ ನನಗ ಸಮಾಧಾನ."

ಅತ್ತುಬಿಡಬೇಕು ಅನ್ನಿಸಿತು, ಆದರೆ ಬಂದದ್ದು ಸಿಟ್ಟು. ಅವ್ವನ ಮೇಲೆ, ಹೇಳಬೇಡ ಎಂದ ಅಪ್ಪನ ಮೇಲೆ, ಕೊಟ್ಟದ್ದನ್ನೆಲ್ಲ ತಿಂದುಕೊಂಡು ಹೋದ ಅಕ್ಕನ ಮೇಲೂ. ತುಟಿಯ ತನಕ ಬಂದ ಕೈಯನ್ನು ತಳ್ಳಿಬಿಟ್ಟೆ. ತುತ್ತು ಹಾಸಿಗೆಯ ಮೇಲೆ ಬಿತ್ತು. ಅವ್ವ ಅದನ್ನು ಬಳಿದು, ಡಬ್ಬಿ ಮುಚ್ಚಿಕೊಂಡು ಹೊರಗೆ ಹೋಗಿ ಕೂತಳು.

ಬೆನ್ನು ಬಾಗಿಸಿ ಕೂರಿಸಿ ಸೂಜಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಕಾಲುಗಳು ನನ್ನವಲ್ಲ ಅನ್ನಿಸಿದವು. ಸಲಾಯಿನ್ ಹನಿಯುತ್ತಿತ್ತು, ಪಕ್ಕೆಗೆ ದಿಂಬೂ ಇತ್ತು. ಆದರೂ ಇದ್ದಕ್ಕಿದ್ದಂತೆ ಮೈಯೆಲ್ಲ ತಣ್ಣಗೆ ಬೆವೆತು, ಮೇಲಿನ ದೀಪ ತಿರುಗಿ, ಹೊಟ್ಟೆ ತೊಳಸಿ ಬಂತು. ನರ್ಸ್ ನನ್ನ ಮುಖವನ್ನು ಪಕ್ಕಕ್ಕೆ ಹೊರಳಿಸಿ ಗಲ್ಲದ ಕೆಳಗೆ ಬೋಗುಣಿ ಹಿಡಿದಳು. ಒತ್ತಡ ಇಳಿಯುತ್ತಿದೆ ಎಂದು ಯಾರೋ ಅಂದರು. ಬಾಯಿಯವರು ಹೊಟ್ಟೆಯನ್ನು ಎಡಕ್ಕೆ ಸರಿಸಿ, ಏನೋ ಇಂಜೆಕ್ಷನ್ ಕೊಡಲು ಹೇಳಿದರು. ಕರುಳೇ ಕಿತ್ತು ಬರುವ ಹಾಗೆ ಓಕರಿಸಿದೆ. ಎಚ್ಚರ ತಪ್ಪುವ ಮೊದಲು ಅಕ್ಕನೂ ಹೀಗೇ ಒಬ್ಬಳೇ ಹೆದರಿರಬೇಕು ಎಂದುಕೊಂಡು ಅತ್ತೆ. ಬೋಗುಣಿಗೆ ಬಿದ್ದದ್ದು ಒಂದಿಷ್ಟು ಕಹಿ ನೀರು ಮಾತ್ರ. ತೊಳಸುವುದು ನಿಂತ ಮೇಲೆ ಕೂಸಿನ ಅಳು ಕೇಳಿಸಿತು. ಹೆಣ್ಣು ಎಂದರು.

ವಾರ್ಡಿಗೆ ತಂದು ಮಲಗಿಸಿದಾಗ ಅವ್ವ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ನರ್ಸ್ ಒಳ್ಳೆಯ ಮನಸ್ಸಿನ ಹುಡುಗಿ. ನಿಮ್ಮ ಮಗಳು ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಜೀವ ಉಳಿಸಿಕೊಂಡಳು, ಅಷ್ಟು ಓಕರಿಸುವಾಗ ಏನಾದರೂ ತಿಂದಿದ್ದರೆ ಉಸಿರಿನ ಕೊಳವೆಗೆ ಇಳಿದು ಕಷ್ಟವಾಗುತ್ತಿತ್ತು ಎಂದು ಅವ್ವನಿಗೆ ಸಂತೋಷದಿಂದಲೇ ಹೇಳಿ ಹೋದಳು. ಅವಳಿಗೇನು ಗೊತ್ತು.

ಅವ್ವ ಕೂಸನ್ನು ನನ್ನ ಮಗ್ಗುಲಲ್ಲಿ ಇಟ್ಟಳು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಮಲಗಿದೆ.

"ನಿಮ್ಮಕ್ಕಂದೂ ಹಿಂಗ ಆತೇನ?" ಅವ್ವ ಕೇಳಿದಳು.

"ಇಲ್ಲವ್ವ. ಆಕಿದು ಬ್ಯಾರೆ" ಎಂದೆ.

ಅವ್ವ ನನ್ನ ಕಡೆ ನೋಡಲಿಲ್ಲ. ಕೂಸಿನ ಅರಿವೆ ಸರಿಮಾಡುತ್ತಾ ಹೇಳಿದಳು.

"ನಿಮ್ಮಪ್ಪ ಆವತ್ತಿನಿಂದ ನನ್ನ ಕೈಲೆ ಬಡಿಸ್ಕೊಂಡು ಉಂಡಿಲ್ಲ. ತಾವ ಹಾಕ್ಕೊಂಡು ಉಣ್ತಾರ. ಯಾಕ್ರಿ ಅಂತ ಕೇಳಿದ್ರ ಸುಮ್ಮನ ಇರ್ತಿದ್ರು. ಯಾಕಂತ ಈಗ ತಿಳೀತು."

ಅವಳ ಕೈ ಹಿಡಿಯಲು ಹೋದೆ. ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.