ಅಲಮಾರಿಯೊಳಗಿನ ಫಿಲಿಪ್ಪೀನ್ಸ್

ಬೆಳಿಗ್ಗೆ ಆರೂಕಾಲಿಗೆ ನಾನು ನೀರಿನ ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯುತ್ತೇನೆ. ಆರೂವರೆಗೆ ಆ ನೀರನ್ನು ಹಿತ್ತಲಿಗೆ ಒಯ್ದು, ಕರಿಬೇವಿನ ಗಿಡದಿಂದ ಮೂರು ಅಡಿ ದೂರದ ಮಣ್ಣಿಗೆ ಸುರಿಯುತ್ತೇನೆ. ಅಡುಗೆಮನೆಯ ಪೈಪು ಪ್ಲಾಸ್ಟಿಕ್ಕಿನದು, ಕುದಿನೀರಿಗೆ ಮೆತ್ತಗಾಗುತ್ತದೆ. ಒಣಮಣ್ಣಿಗೆ ಬಿಸಿನೀರು ಬಿದ್ದಾಗ ಏಳುವ ವಾಸನೆ ಮಳೆಯ ವಾಸನೆಯಲ್ಲ. ಅದಕ್ಕಿಂತ ತುಸು ಒರಟು, ಹುರಿದ ಕಡಲೆಯ ಹತ್ತಿರದ್ದು. ಸುರಿಯುವ ಮೊದಲು ನಾನು “ಸರೀರವ್ವಾ, ಬಿಸಿ ಐತಿ” ಎನ್ನುತ್ತೇನೆ, ತುಸು ಸರಿದು ನಿಲ್ಲಿ ಎಂದು.

ಮೊನ್ನೆ ಮೇಲಿನ ಮನೆಗೆ ಹೊಸದಾಗಿ ಬಂದ ಗಣಿತದ ಮೇಡಂ ಬಟ್ಟೆ ಒಣಹಾಕುತ್ತಿದ್ದವರು ಕೆಳಗೆ ಬಗ್ಗಿ ಕೇಳಿದರು: “ಕಿಸ್ಸೆ ಬಾತಾಂ ಕರ್ರೇ ಅಂಕಲ್?” ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂದು. “ಜೋ ಹೈ, ಉನ್ಸೇ” ಎಂದುಬಿಟ್ಟೆ. ಇರುವವರ ಹತ್ತಿರ. ಅವರು ನಕ್ಕು ಒಳಗೆ ಹೋದರು. ಉತ್ತರ ಅರ್ಧವಾಯಿತು ಎಂದು ಇಡೀ ದಿನ ನನಗೆ ಕಿರಿಕಿರಿ. ಅರ್ಧ ಕೆಲಸ ನನಗೆ ಒಗ್ಗದು. ಉಳಿದರ್ಧವನ್ನು ನಿಮಗೆ ಹೇಳುತ್ತೇನೆ.

ಮೊದಲು ನನ್ನ ಕೆಲಸ ಎಂಥದ್ದಾಗಿತ್ತು ಎಂಬುದು ನಿಮಗೆ ಗೊತ್ತಿರಬೇಕು. ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ, ಹೈದರಾಬಾದಿನ ಅಂಚಿನಲ್ಲಿ, ನಾನು ನಿವೃತ್ತನಾಗುವವರೆಗೆ ಮೂವತ್ತೊಂದು ವರ್ಷ ದುಡಿದೆ. ಅದರಲ್ಲಿ ಕೊನೆಯ ಹದಿನೆಂಟು ವರ್ಷ ಇಂಜೆಕ್ಷನ್ ವಿಭಾಗದ ಬಾಗಿಲಲ್ಲಿ. ಒಳಗೆ ಹೋಗುವ ಪ್ರತಿಯೊಬ್ಬರೂ ಬಿಳಿ ನಿಲುವಂಗಿ, ಟೋಪಿ, ಕೈಗವಸು ತೊಟ್ಟು ಒಂದು ನಿಲುವುಗನ್ನಡಿಯ ಮುಂದೆ ನಿಲ್ಲಬೇಕು. ಒಂದು ಕೂದಲು ಹೊರಗಿದ್ದರೂ ವಾಪಸು. ಹೊಲಿಗೆ ಹೊರಗೆ ಕಂಡರೂ ವಾಪಸು. ಮ್ಯಾನೇಜರರನ್ನೂ ಕಳಿಸಿದ್ದೇನೆ. ಮದುವೆಯ ದಿನ ಹಾರದ ಗಂಟನ್ನೂ ನಾನು ತಿರುವಿ ನೋಡಿದ್ದೆನೆಂದು ನನ್ನ ಹೆಂಡತಿ ಕಮಲಾ ಬಂದವರಿಗೆಲ್ಲ ಹೇಳುತ್ತಾಳೆ. ಅದು ಸುಳ್ಳು. ಗಂಟು ಸಡಿಲವಾಗಿತ್ತು, ಬಿಗಿದೆ, ಅಷ್ಟೆ.

ಇಂಥ ಮನೆಗೆ ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳು ಅಂಬಿಕಾ ಬಂದಳು. ಈ ಕಡೆಯ ಎಷ್ಟೋ ಮಕ್ಕಳಂತೆ ಅವಳೂ ಡಾಕ್ಟರಿಕೆ ಓದಲು ಫಿಲಿಪ್ಪೀನ್ಸಿಗೆ ಹೋಗಿದ್ದವಳು. ಹಾಗೆ ಹೊರಗೆ ಓದಿ ಬಂದವರು ಇಲ್ಲಿ ಇನ್ನೊಂದು ಪರೀಕ್ಷೆ ಪಾಸಾಗದೆ ರೋಗಿಯ ನಾಡಿ ಮುಟ್ಟುವಂತಿಲ್ಲ. ವರ್ಷಕ್ಕೆ ಎರಡು ಸಲ ನಡೆಯುವ ಆ ಪರೀಕ್ಷೆಯಲ್ಲಿ ಅವಳು ಒಮ್ಮೆ ಫೇಲಾಗಿದ್ದಳು. ತಂಗಿ ಹುಮನಾಬಾದಿನಿಂದ ಫೋನು ಮಾಡಿದಳು.

“ಅಣ್ಣಾ, ನಿನ್ನ ಮನ್ಯಾಗ ಗಡಿಯಾರ ನಿನಗ ಅಂಜತೈತಿ. ಅಕಿನ್ನ ನಿನ್ನ ಹತ್ರ ಇಟ್ಕೋ. ಇವರು ಒಂದು ವರ್ಷ ಅಂದಾರ. ಅಷ್ಟರಾಗ ಪಾಸಾಗಲಿಲ್ಲಂದ್ರ ಮದುವಿ ಮಾಡಿ ಕಳಸ್ತಾರ. ಆರು ವರ್ಷ ಓದಿದ್ದು ಪೆಟ್ಟಿಗ್ಯಾಗ ಕೊಳೀತೈತಿ ನೋಡು.”

ಒಂದು ವರ್ಷ, ಎರಡು ಪರೀಕ್ಷೆ. ನನಗೆ ಲೆಕ್ಕ ಸ್ಪಷ್ಟವಾಗಿತ್ತು. ಅಮೀರ್‌ಪೇಟ್‌ನ ಒಂದು ಕೋಚಿಂಗಿಗೆ ಹಾಕಿದೆ. ಸನತ್‌ನಗರದ ನಮ್ಮ ಮನೆಯ ಗೋಡೆಗೆ ವೇಳಾಪಟ್ಟಿ ಬರೆದು ಅಂಟಿಸಿದೆ. ಐದಕ್ಕೆ ಏಳುವುದು, ಐದೂಕಾಲಿಗೆ ಚಹಾ, ಐದೂವರೆಗೆ ಓದು, ಹೀಗೆ. ಹುಡುಗಿ ಅದರಂತೆಯೇ ಎದ್ದು ಓದಿಗೆ ಕೂತಳು. ಆದರೆ ನಾಲ್ಕನೆಯ ದಿನ ಶರೀರಶಾಸ್ತ್ರದ ದಪ್ಪ ಪುಸ್ತಕದೊಳಗೆ ಇನ್ನೊಂದು ತೆಳು ಪುಸ್ತಕ ಸಿಕ್ಕಿತು. ಮುಖಪುಟದಲ್ಲಿ ಮರದ ಮೇಲೆ ಕೂತು ಚುಟ್ಟಾ ಸೇದುವ ಒಬ್ಬ ರಾಕ್ಷಸ.

“ಇದೇನು?”

“ಕಥಿ ಪುಸ್ತಕ, ಮಾಮಾ. ಅಲ್ಲಿವು.”

“ಎಷ್ಟು ಅದಾವ?”

“ಹದಿನಾಲ್ಕು.”

ಹದಿನಾಲ್ಕನ್ನೂ ಎಣಿಸಿ ಕಬ್ಬಿಣದ ಅಲಮಾರಿಯಲ್ಲಿ ನನ್ನ ಶರ್ಟುಗಳ ಕೆಳಗಿಟ್ಟು ಬೀಗ ಹಾಕಿದೆ. ಪಾಸಾದ ದಿನ ಬೀಗದ ಕೈ ಅವಳ ಕೈಗೆ ಎಂದೆ. ಅವಳು ಒಂದೇ ಮಾತು ಹೇಳಿದಳು: “ಸುಮ್ಮನ ಇಡಬ್ಯಾಡ್ರಿ ಮಾಮಾ. ನೀವರೆ ಓದ್ರಿ.”

ಪರೀಕ್ಷಿಸದ ಸರಕನ್ನು ದಾಸ್ತಾನಿಗೆ ಹಾಕಿದವನಲ್ಲ ನಾನು. ಆ ನೆಪದಲ್ಲಿಯೇ ಒಂದು ಮಧ್ಯಾಹ್ನ ಊಟವಾದ ಮೇಲೆ ಮೊದಲನೆಯದನ್ನು ತೆಗೆದೆ. ಕೈಯಲ್ಲಿ ಪೆನ್ಸಿಲ್ಲು. ಇಂಗ್ಲಿಷಿನಲ್ಲಿತ್ತು. ಎರಡರಿಂದ ಮೂರರವರೆಗೆ ನನ್ನ ನಿದ್ದೆಯ ಹೊತ್ತು. ಅವತ್ತು ಮೂರೂವರೆಗೆ ಕಮಲಾ ಬಂದು, “ಮೈಯಾಗ ಆರಾಮ ಐತಿಲ್ಲೊ?” ಎಂದು ಹಣೆ ಮುಟ್ಟಿ ನೋಡಿದಳು.

ಆ ಕಥೆಯಲ್ಲಿ ಒಬ್ಬ ರಸ್ತೆ ಇಂಜಿನಿಯರು ಇದ್ದಾನೆ. ಹೊಸ ರಸ್ತೆಗೆ ಒಂದು ಮಣ್ಣಿನ ದಿಬ್ಬ ಅಡ್ಡ. ಅದರೊಳಗೆ ಗೇಣುದ್ದದ ಒಬ್ಬ ಮುದುಕ ವಾಸ. ಆ ದೇಶದಲ್ಲಿ ಇಂಥ ದಿಬ್ಬಗಳ ಪಕ್ಕ ಹಾದುಹೋಗುವಾಗ, ಹೊರಗೆ ಬಿಸಿನೀರು ಚೆಲ್ಲುವಾಗ, “ಅಪ್ಪಣೆಯಾಗಲಿ, ತುಸು ಸರಿಯಿರಿ” ಎನ್ನುವುದು ರೂಢಿ. ಇಂಜಿನಿಯರು ಹೇಳುವುದಿಲ್ಲ, ಯಂತ್ರ ಕೆಡುತ್ತದೆ. ಕಸ ಗುಡಿಸುವ ಹೆಂಗಸು ಹೇಳುತ್ತಾಳೆ, ಮುದುಕ ಹೊರಬಂದು ಷರತ್ತುಗಳ ಪಟ್ಟಿ ಇಡುತ್ತಾನೆ. ಏಳು ಷರತ್ತು, ನಂಬರು ಹಾಕಿ. ಆ ಮುದುಕ ನನಗೆ ಒಡನೆ ಹಿಡಿಸಿದ. ಅವನು ನಮ್ಮ ಕಾರ್ಖಾನೆಯಲ್ಲಿ ಇರಬೇಕಾದವನು.

ಆದರೆ ಆ ಹೆಂಗಸಿನ ಮಾತು ಬಂದಲ್ಲಿ ಪೆನ್ಸಿಲ್ಲು ನಿಂತಿತು. “ಸರೀರವ್ವಾ, ಬಿಸಿ ಐತಿ” ಎಂಬುದು ನಮ್ಮವ್ವನ ಮಾತು. ಊರಲ್ಲಿ ಗಂಜಿ ಬಸಿದು ಹೊರಗೆ ಚೆಲ್ಲುವ ಮೊದಲು ಹೇಳುತ್ತಿದ್ದಳು. ಸನತ್‌ನಗರಕ್ಕೆ ಬಂದಮೇಲೂ ಹೇಳುತ್ತಿದ್ದಳು. ಒಮ್ಮೆ ಕಾರ್ಖಾನೆಯ ಇಬ್ಬರು ಚಹಾಕ್ಕೆ ಬಂದಿದ್ದಾಗ ಕೇಳಿ ನಕ್ಕರು. ಅವರು ಹೋದ ಮೇಲೆ ನಾನು, “ಅವ್ವಾ, ಇದು ಹೈದರಾಬಾದ್. ಇಲ್ಲಿ ಮಣ್ಣಾಗ ಯಾರೂ ಇಲ್ಲ, ಬರೀ ಪೈಪ್ ಅದಾವ” ಎಂದೆ. ಚತುರ ಮಾತು ಆಡಿದೆನೆಂದು ಹೆಮ್ಮೆಯೂ ಇತ್ತು. ಅವ್ವ ಮರುದಿನದಿಂದ ಗಂಜಿಯನ್ನು ತಣ್ಣಗಾಗುವವರೆಗೆ ಇಟ್ಟುಕೊಂಡು, ಏನೂ ಹೇಳದೆ ಚೆಲ್ಲತೊಡಗಿದಳು. ಸಾಯುವವರೆಗೂ ಹಾಗೆಯೇ.

ನಾನು ಮುಚ್ಚಿಸಿದ ಬಾಯಿಯ ಮಾತನ್ನು ಸಮುದ್ರದಾಚೆ ಯಾರೋ ಅಚ್ಚುಹಾಕಿಸಿ, ರಟ್ಟು ಕಟ್ಟಿಸಿ, ಅಂಗಡಿಯಲ್ಲಿಟ್ಟಿದ್ದರು. ಆ ಪುಸ್ತಕಗಳ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಂದ.

ಮುಂದೆ ದಿನಕ್ಕೆ ಒಂದು ತಾಸು ಅದೇ ಕೆಲಸವಾಯಿತು. ಚಂದ್ರಗಳನ್ನು ನುಂಗುವ ಕಡಲಹಾವಿನ ಕಥೆ ಇತ್ತು. ಆಕಾಶದಲ್ಲಿ ಏಳು ಚಂದ್ರಗಳಿದ್ದವಂತೆ, ಆರನ್ನು ಅದು ತಿಂದು ಮುಗಿಸಿದೆ. ಉಳಿದೊಂದಕ್ಕೆ ಬಾಯಿ ಹಾಕಿದಾಗ ಜನ ಪಾತ್ರೆ ಬಡಿದು ಉಗುಳಿಸುತ್ತಾರೆ. ಗ್ರಹಣ ಬಿಟ್ಟ ಮೇಲೆ ನಮ್ಮವ್ವ ತೊಳೆಯುತ್ತಿದ್ದುದೂ ಅಂಥವೇ ಪಾತ್ರೆಗಳನ್ನು. ಮುಖಪುಟದ ಚುಟ್ಟಾದವನು ಆಸ್ಪತ್ರೆಯ ಅಂಗಳದ ಆಲದಂಥ ಮರದಲ್ಲಿ ಕೂತು, ನರ್ಸೊಬ್ಬಳನ್ನು ಮೆಚ್ಚಿ, ಅವಳ ಬಸ್ಸು ತಪ್ಪದಂತೆ ನೋಡಿಕೊಳ್ಳುತ್ತಾನೆ. ಈ ಲೇಖಕರು ಏನನ್ನೂ ನಿಂತು ವಿವರಿಸುವುದಿಲ್ಲ. ಅಜ್ಜಿಯ ಮಾತನ್ನು ಅಜ್ಜಿಯ ಹೆಸರಿನಲ್ಲೇ ಬರೆದು ಮುಂದೆ ಹೋಗುತ್ತಾರೆ, ನೀವು ಹಿಂದೆ ಬನ್ನಿ ಎಂಬಂತೆ. ಹೊರಗಿನವರು ಬಂದು ನೂರಾರು ವರ್ಷ ಆಳಿ, ನಿಮ್ಮ ಮರದವರೂ ಮಣ್ಣಿನವರೂ ಬರೀ ದೆವ್ವ ಎಂದು ಹೇಳಿಕೊಟ್ಟ ದೇಶ ಅದು. ಹಾಗೆ ಕಲಿತವರ ಮೊಮ್ಮಕ್ಕಳು ನಾಚಿಕೆ ಬಿಟ್ಟು ಅವರನ್ನೆಲ್ಲ ಮನೆಗೆ ಕರೆದಿದ್ದಾರೆ. ಬರಿಯ ಹಳೆಯ ಕಾಲಕ್ಕೆ ಕೂರಿಸಿಲ್ಲ. ಟ್ರಾಫಿಕ್ಕಿನಲ್ಲಿ, ಬಾಡಿಗೆ ಮನೆಯಲ್ಲಿ, ರೇಷನ್ನಿನ ಸಾಲಿನಲ್ಲಿ ನಿಲ್ಲಿಸಿದ್ದಾರೆ. ತಪ್ಪಿಲ್ಲವೆಂದಲ್ಲ. ಎರಡು ಪುಸ್ತಕಗಳ ಕೊನೆಯ ಐವತ್ತು ಪುಟ ಬರೀ ಕತ್ತಿ ಕಾಳಗ. ಒಂದರಲ್ಲಿ ದುಷ್ಟನು ಸಾಯುವ ಮೊದಲು ಅತಿಯಾಗಿ ಮಾತಾಡುತ್ತಾನೆ. ಅದನ್ನೂ ಅಂಚಿನಲ್ಲಿ ಗುರುತು ಮಾಡಿದೆ.

ಅಂಬಿಕಾಗೆ ಇದು ಯಾವುದೂ ಗೊತ್ತಿರಲಿಲ್ಲ. ಅವಳು ಬರುವ ಹೊತ್ತಿಗೆ ಅಲಮಾರಿಗೆ ಬೀಗ ಬಿದ್ದಿರುತ್ತಿತ್ತು.

ಪರೀಕ್ಷೆಯ ದಿನ ಬಂತು. ಏಳೂಕಾಲಿಗೆ ಹೊರಡಬೇಕು. ಅವಳು ಚೀಲ ಹಿಡಿದು ಬಾಗಿಲಿಗೆ ಬಂದಳು. ನನ್ನ ಕಣ್ಣು ಅದರ ಪಾಡಿಗೆ ಅದು ಕೆಲಸ ಮಾಡಿತು.

“ಅಂಬಿಕಾ, ನಿಂದ್ರು. ಕುರ್ತಾ ಉಲ್ಟಾ ಐತಿ. ಹೊಲಿಗಿ ಎಲ್ಲಾ ಹೊರಗ ಕಾಣಾಕತ್ತಾವ.”

ಅವಳು ಕೆಳಗೆ ನೋಡಿಕೊಂಡಳು. “ಇರ್ಲಿ ಬಿಡ್ರಿ ಮಾಮಾ.”

“ಏನು ಇರ್ಲಿ? ಡಾಕ್ಟರ್ ಆಗೂಕಿ ನೀ. ಹೋಗು, ನಾಕು ನಿಮಿಷ ಐತಿ.”

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು. ನೆಟ್ಟಗೆ ತೊಟ್ಟುಕೊಂಡು ಬಂದಳು. ನಾನು ತಲೆಯಾಡಿಸಿದೆ, ಹದಿನೆಂಟು ವರ್ಷ ಆಡಿಸಿದಂತೆ.

ಫಲಿತಾಂಶ ಬಂದಾಗ ಕೆಲವೇ ಅಂಕ ಕಡಿಮೆಯಾಗಿದ್ದವು. ಅವಳು ಅಳಲಿಲ್ಲ. ಪೆಟ್ಟಿಗೆ ತೆಗೆದು ಬಟ್ಟೆ ಮಡಿಸಿ ಇಡತೊಡಗಿದಳು. ಇನ್ನೊಂದು ಪರೀಕ್ಷೆ ಇದೆಯಲ್ಲ ಎಂದರೆ, “ಆಗಂಗಿಲ್ಲ ಮಾಮಾ. ಓದಿದಲ್ಲೇ ಓದಾಕತ್ತೀನಿ, ತಿರುಗಿ ಅಲ್ಲೇ ಬಂದು ನಿಲ್ಲಾಕತ್ತೀನಿ. ಭಾನುವಾರ ಊರಿಗೆ ಹೋಗ್ತೀನಿ” ಎಂದಳು.

ಅದೇ ವಾರ ನಾನು ಒಂಬತ್ತನೆಯ ಪುಸ್ತಕದಲ್ಲಿದ್ದೆ. ಅದರಲ್ಲಿ ಕುದುರೆಯ ಮುಖ, ಮನುಷ್ಯನ ಮೈ, ಉದ್ದುದ್ದ ಕಾಲಿನ ಒಬ್ಬ ಬರುತ್ತಾನೆ. ದಾರಿಹೋಕರ ದಾರಿ ತಪ್ಪಿಸುವುದು ಅವನ ಉದ್ಯೋಗ. ಮೀನು ಮಾರುವ ಹೆಂಗಸೊಬ್ಬಳು ಎಷ್ಟು ನಡೆದರೂ ಅದೇ ಮಾವಿನ ಮರದ ಹತ್ತಿರ ಬಂದು ನಿಲ್ಲುತ್ತಾಳೆ. ಆಮೇಲೆ ತಾಯಿ ಹೇಳಿದ್ದು ನೆನಪಾಗಿ ರವಿಕೆಯನ್ನು ಬಿಚ್ಚಿ, ಒಳಗನ್ನು ಹೊರಗೆ ಮಾಡಿ ತೊಟ್ಟುಕೊಳ್ಳುತ್ತಾಳೆ. ದಾರಿ ಬಿಚ್ಚಿಕೊಳ್ಳುತ್ತದೆ.

ನಾನು ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಕಮಲಾಗೆ ಆ ಪುಟ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಅಕಿ ನನಗ ಅವತ್ತೇ ಹೇಳಿದ್ಲು.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಕೇಳಂಗಿಲ್ಲ ಅಂತ ಅಕಿಗೆ ಗೊತ್ತಿತ್ತು. ನಿಮ್ಮವ್ವಗೂ ಗೊತ್ತಿತ್ತು.”

ಕುರ್ತಾ ನೆಟ್ಟಗೆ ತೊಟ್ಟಿದ್ದರಿಂದ ಅವಳು ಫೇಲಾದಳೆಂದು ನಾನು ನಂಬುವುದಿಲ್ಲ. ನನ್ನನ್ನು ಕೊರೆದದ್ದು ಬೇರೆ. ಬಾಗಿಲಲ್ಲಿ ನನ್ನ ಮುಖ ನೋಡಿ ಅವಳು ತಿರುಗಿ ಒಳಗೆ ಹೋದಳಲ್ಲ, ಆ ಒಂದು ಕ್ಷಣ. ಅವಳ ಧೈರ್ಯದ ಕೊನೆಯ ಒಂದು ಹಿಡಿಯನ್ನು ನಾನು ಬಾಗಿಲಲ್ಲೇ ಬಿಡಿಸಿ ಇಟ್ಟುಕೊಂಡು ಕಳಿಸಿದ್ದೆ.

ಶನಿವಾರ ಸಂಜೆ ಅಲಮಾರಿಯ ಬೀಗದ ಕೈಯನ್ನು ಅವಳ ಪೆಟ್ಟಿಗೆಯ ಮೇಲಿಟ್ಟೆ. ಪಾಸಾದ ಮೇಲೆ ಎಂಬ ನನ್ನದೇ ನಿಯಮ ಮುರಿಯಿತು. ಅವಳು ಅಲಮಾರಿ ತೆಗೆದು, ಪುಸ್ತಕ ತಿರುವಿ, ಒಂದು ಪುಟದಲ್ಲಿ ನಿಂತಳು.

“ಮಾಮಾ, ಪುಸ್ತಕದಾಗ ಬರದೀರಿ?”

“ಪೆನ್ಸಿಲಿನ್ಯಾಗ. ಅಳಸಬಹುದು.”

ಅವಳು ಗಟ್ಟಿಯಾಗಿ ಓದಿದಳು: “‘ದಿಬ್ಬದ ಮುದುಕನ ಐದನೆಯ ಷರತ್ತು ಎರಡನೆಯದಕ್ಕೆ ವಿರುದ್ಧವಾಗಿದೆ. ವಿವರಣೆ ಬೇಕು.’ ಅಂವಾ ಮಣ್ಣಾಗ ಇರಾಂವ, ಮಾಮಾ. ಅವನ ಕಡಿಂದ ವಿವರಣೆ ಕೇಳ್ತೀರಿ?”

“ಯಾರರೆ ಆಗ್ಲಿ. ಷರತ್ತು ಅಂದಮ್ಯಾಲೆ ಸರಿ ಇರಬೇಕು.”

ಫಲಿತಾಂಶ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನೆಲದ ಮೇಲೆ ಕೂತು ಹೇಳತೊಡಗಿದಳು. ಅಲ್ಲಿ ಮೊದಲ ವರ್ಷ ಭಾಷೆ ಬರದೆ, ಓದು ತಲೆಗೆ ಹತ್ತದೆ ಅಳುತ್ತಿದ್ದಾಗ, ಬಾಡಿಗೆ ಮನೆಯ ಅಜ್ಜಿ ಬಾಗಿಲಲ್ಲಿ ನಿಲ್ಲಿಸಿ ಅವಳ ಜಾಕೀಟನ್ನು ಉಲ್ಟಾ ತೊಡಿಸಿ ಕಳಿಸಿದ್ದಳಂತೆ. ಆ ಪುಸ್ತಕಗಳಲ್ಲಿ ಮೊದಲನೆಯದೂ ಆ ಅಜ್ಜಿಯೇ ಕೊಟ್ಟದ್ದು. ನಾನು ಅರ್ಧ ತಾಸು ಕೇಳಿದೆ, ಗಡಿಯಾರ ನೋಡದೆ.

ಕ್ಷಮೆ ಕೇಳುವುದರಲ್ಲಿ ನಾನು ಪಳಗಿದವನಲ್ಲ. ಹೊಸ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಎಲ್ಲ ಹಿಂದಿನಂತೆಯೇ, ಒಂದು ಸಾಲು ಮಾತ್ರ ಹೊಸದು: ‘ಸಂಜೆ ನಾಲ್ಕೂವರೆಯಿಂದ ಐದು: ಕಥೆ, ಇಬ್ಬರೂ.’ ಅವಳು ಅದನ್ನು ನಿಂತು ಓದಿದಳು. ಭಾನುವಾರದ ಬಸ್ಸಿಗೆ ಹೋಗಲಿಲ್ಲ.

ಕೊನೆಯ ಪರೀಕ್ಷೆಯ ಬೆಳಿಗ್ಗೆ ಅವಳು ಬಾಗಿಲಿಗೆ ಬಂದಾಗ ಕುರ್ತಾ ನೆಟ್ಟಗಿತ್ತು, ಇಸ್ತ್ರಿ ಗೆರೆ ಸಮೇತ. ನನ್ನನ್ನು ನೋಡಿ ಅಲ್ಲೇ ನಿಂತಳು.

“ಮಾಮಾ, ಶರ್ಟ್ ಉಲ್ಟಾ.”

“ಗೊತ್ತೈತಿ. ನಡಿ.”

ಹೊಲಿಗೆ, ಜೇಬಿನ ಒಳಮೈ, ಕಾಲರಿನ ಪಟ್ಟಿ ಎಲ್ಲವನ್ನೂ ಹೊರಗೆ ಹೊತ್ತುಕೊಂಡು ನಾನು ಮೆಟ್ರೊ ಹತ್ತಿದೆ. ತಪಾಸಣೆಯವನು “ಸಾಬ್, ಶರ್ಟ್ ಉಲ್ಟಾ ಹೈ” ಎಂದ. “ಮಾಲೂಮ್ ಹೈ” ಎಂದೆ. ಅಮೀರ್‌ಪೇಟ್‌ನಲ್ಲಿ ಗಾಡಿ ಬದಲಿಸಬೇಕು. ಆ ಜನಜಂಗುಳಿಯಲ್ಲಿ ನನ್ನ ಅದೃಷ್ಟಕ್ಕೆ ಎದುರಾದವನು ನಮ್ಮ ಕಾರ್ಖಾನೆಯ ಹಳೆಯ ಆಪರೇಟರು. ಕೈಗವಸಿನ ಒಂದು ಮಡಿಕೆಗಾಗಿ ಅವನನ್ನು ಒಂದೇ ದಿನ ಮೂರು ಸಲ ವಾಪಸು ಕಳಿಸಿದ್ದೆ. ನಮಸ್ಕಾರಕ್ಕೆ ಎತ್ತಿದ ಕೈ ಅರ್ಧದಲ್ಲೇ ನಿಂತಿತು.

“ಸಾರ್... ಶರ್ಟು...”

“ತೆಲುಸು” ಎಂದೆ. ಗೊತ್ತು ಎಂಬುದನ್ನು ಅಷ್ಟು ಹೊತ್ತಿಗೆ ನಾನು ಮೂರು ಭಾಷೆಯಲ್ಲಿ ಹೇಳಿದ್ದೆ.

ಅಂಬಿಕಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಗುತ್ತ ಎಸ್ಕಲೇಟರಿನ ತುದಿಯವರೆಗೆ ಬಂದಳು. ಅಲ್ಲಿ ಉಸಿರು ತೆಗೆದುಕೊಂಡು ಕೇಳಿದಳು: “ದಾರಿ ತಪ್ಪಿದಾಕಿ ನಾನು. ನೀವ್ಯಾಕ ಉಲ್ಟಾ ಹಾಕ್ಕೊಂಡೀರಿ?”

“ತಪ್ಪಿಸಿದಾಂವ ನಾನು. ನಡಿ, ಗಾಡಿ ಬಂತು.”

ಅವಳು ಪಾಸಾದಳು. ಹಗಲೂ ಸಂಜೆಯೂ ಓದಿದ್ದರಿಂದ ಪಾಸಾದಳು ಎಂದು ಸ್ಪಷ್ಟವಾಗಿ ಬರೆದಿಡುತ್ತೇನೆ. ಶರ್ಟಿನ ಪಾಲು ಎಷ್ಟು ಎಂಬುದಕ್ಕೆ ಅಳತೆ ಇಲ್ಲ. ಈಗ ಪಟಾನ್‌ಚೆರುವಿನ ಒಂದು ದವಾಖಾನೆಯಲ್ಲಿ ಕಾರ್ಮಿಕರನ್ನು ನೋಡುತ್ತಾಳೆ. ಪುಸ್ತಕಗಳನ್ನು ಒಯ್ಯಲಿಲ್ಲ. ಹದಿನಾಲ್ಕನೆಯದು ಆ ನಾಡಿನ ಭಾಷೆಯಲ್ಲಿದೆ, ನನಗೆ ಬಾರದು. “ನೀವಿನ್ನೂ ಪಾಸಾಗಿಲ್ಲ ಮಾಮಾ, ಅಲ್ಲೀತನಾ ಇಲ್ಲೇ ಇರ್ಲಿ” ಎಂದು ಹೇಳಿ ಹೋದವಳು, ರಜೆಯ ಭಾನುವಾರ ಬಂದು ಎರಡೆರಡು ಪುಟ ಓದಿ ನಮ್ಮ ಮಾತಿನಲ್ಲಿ ಹೇಳುತ್ತಾಳೆ. ಅಲಮಾರಿಗೆ ಈಗ ಬೀಗವಿಲ್ಲ.

ಗಣಿತದ ಮೇಡಂಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರ ಇದು. ಇವತ್ತು ಬೆಳಿಗ್ಗೆ ಅವರು ಕೆಳಗೆ ಬಂದು ನನ್ನ ಪಕ್ಕದಲ್ಲೇ ನಿಂತಿದ್ದರು. ಆರೂವರೆಗೆ ನಾನು ಅವ್ವನ ಮಾತು ಹೇಳಿದೆ. ಹೇಳಿದೊಡನೆ ಸುರಿದುಬಿಟ್ಟರೆ ಹೇಳಿ ಏನು ಬಂತು? ಸರಿಯುವವರಿಗೆ ಹೊತ್ತು ಬೇಕು, ಅದರಲ್ಲೂ ವಯಸ್ಸಾದವರಿದ್ದರೆ. ಪಾತ್ರೆ ಹಿಡಿದು ಕಾದೆ. ಮೇಡಂ ಕೂಡ ಎರಡು ಹೆಜ್ಜೆ ಹಿಂದೆ ಸರಿದರು. ನೀರು ಬಿದ್ದು ವಾಸನೆ ಎದ್ದಾಗ ಗಂಟೆ ಆರು ಮೂವತ್ತೊಂದು. ಆ ಒಂದು ನಿಮಿಷಕ್ಕೂ ನನ್ನ ವೇಳಾಪಟ್ಟಿಯಲ್ಲಿ ಸಾಲು ಇದೆ.