ನನಗಿಂತ ಮುಂಚೆ ಊರು ಸೇರಿದ ಸಿಲಿಂಡರು

ರಾಯಚೂರಿನಿಂದ ಮಾನ್ವಿ ಬಸ್ಸು ಹತ್ತಿದಾಗ ಬೆಳಗ್ಗೆಯೇ ಸೀಟು ಸುಡುತ್ತಿತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಮಳೆಗಾಲ ಹತ್ತಿರದಲ್ಲಿತ್ತು. ಹೊಳೆ ಬಂದರೆ, ವಾಂತಿಭೇದಿ ಹಬ್ಬಿದರೆ ಸಣ್ಣ ಆಸ್ಪತ್ರೆಗಳು ತಡೆದುಕೊಳ್ಳುತ್ತವೆಯೇ ಎಂದು ನೋಡಿಬರುವ ಕೆಲಸ ಪ್ರತಿ ಬೇಸಿಗೆಯಲ್ಲೂ ನನ್ನ ತಲೆಗೇ ಬರುತ್ತಿತ್ತು. ಮಂಡಿ ನೋವು ಎಂದರೆ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ, "ನಿಮ್ಮಷ್ಟು ಅನುಭವ ಯಾರಿಗದ್ರಿ ಸಾಹೇಬ್ರ?" ಎಂದು ನಗುತ್ತಿದ್ದರು. ಅನುಭವವಂತೆ! ಮೈತುಂಬ ಧೂಳು ಹೊತ್ತು ಮನೆಗೆ ಬರುವ ಅನುಭವ.

ನಲವತ್ತೈದು ಕಿಲೋಮೀಟರಿಗೆ ಎರಡು ತಾಸು ಹಿಡಿಯಿತು. ಪಕ್ಕದಲ್ಲಿ ಕುರಿಮರಿ ತಬ್ಬಿಕೊಂಡು ಕೂತಿದ್ದ ಯಾಪಲದಿನ್ನಿಯ ಮುದುಕ, "ಎಲ್ಲಿಗಿ ಹೊಂಟೀರಿ ಯಪ್ಪಾ?" ಎಂದ.

"ದವಾಖಾನಿ ನೋಡಾಕ."

"ದವಾಖಾನ್ಯಾಗ ನೋಡಾದು ಏನದ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಿದ್ದೆಹೋದ.

ಮಾನ್ವಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಟಾಂಗಾ ಹಿಡಿದೆ. ನಾನು ನೋಡಿದ ಎರಡು ಆಸ್ಪತ್ರೆಗಳ ಊರನ್ನು ಇಲ್ಲಿ ಬರೆಯುವುದಿಲ್ಲ. ಪಾಪ, ಆ ಜನ ಇನ್ನೂ ಅಲ್ಲೇ ನೌಕರಿ ಮಾಡಿಕೊಂಡಿದ್ದಾರೆ. ಮೊದಲನೆಯದು ಮಾನ್ವಿಯಿಂದಾಚೆ, ಆರು ಮಂಚದ್ದು. ಅಲ್ಲಿನ ಕಂಪೌಂಡರ್ ವೀರಪ್ಪ ಗ್ಲೂಕೋಸ್ ಬಾಟಲಿ, ಬ್ಲೀಚಿಂಗ್ ಪೌಡರ್, ಹಾವಿನ ಔಷಧ ಎಲ್ಲ ತೋರಿಸಿದ. ಕೊನೆಗೆ ಒಂದು ಮಂಚದ ಬಳಿ ನಿಲ್ಲಿಸಿದ. ಕರಿ ಆಕ್ಸಿಜನ್ ಸಿಲಿಂಡರಿಗೆ ಮೂರು ಗೆರೆ ವಿಭೂತಿ ಬಳಿದು, ಮೇಲೆ ಕಣಗಿಲೆ ಹೂ ಇಟ್ಟಿದ್ದರು.

"ಜೀವ ಉಳಸ್ತದಲ್ರಿ. ಸೋಮವಾರಕ್ಕೊಮ್ಮೆ ಪೂಜಿ ಮಾಡ್ತೀವಿ," ಎಂದ.

ಮಂಚದ ಮೇಲೆ ಕುರಿ ಕಾಯುವ ಮನೆಯ ಮುದುಕಿ ಹನುಮವ್ವ ಮೂಗಿಗೆ ನಳಿಗೆ ಹಾಕಿಕೊಂಡು ಒರಗಿ ಕೂತಿದ್ದಳು. ಉಬ್ಬಸ. ಗಂಡ ಭೀಮಪ್ಪ ಟವೆಲಿನಿಂದ ಗಾಳಿ ಹಾಕುತ್ತಿದ್ದ. "ನಿನ್ನಿಗಿಂತ ಇವತ್ತು ಆರಾಮ ಅದಾಳ್ರಿ," ಎಂದ. ಹೂವು ಸರಿಸಿ ಗೇಜಿನ ಮುಳ್ಳು ನೋಡಲು ಬಗ್ಗಿದಾಗ ನನ್ನ ಹೆಬ್ಬೆರಳು ತಗುಲಿ ನಡುವಿನ ಗೆರೆ ಒಂದು ಕಡೆ ಅಳಿಸಿತು. ವೀರಪ್ಪ ಮುಖ ಹುಳ್ಳಗೆ ಮಾಡಿಕೊಂಡ. ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಸರಿ ಎಂದು ಬರೆದುಕೊಂಡು ಆ ರಾತ್ರಿ ಮಾನ್ವಿಯಲ್ಲೇ ಉಳಿದೆ. ಸೊಳ್ಳೆಗಳ ಹಾವಳಿಗೆ ಕಣ್ಣು ಹತ್ತಲಿಲ್ಲ.

ಮರುದಿನ ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗಕ್ಕೆ ಹೋದೆ. ದಾರಿಯಲ್ಲಿ ಟೈರು ಪಂಕ್ಚರಾಗಿ ಜಾಲಿ ಗಿಡದ ನೆರಳಲ್ಲಿ ಕೂತು ಸಾಕಾಗಿಹೋಯಿತು. ದೇವದುರ್ಗದಿಂದ ಜಾಲಹಳ್ಳಿ ಬಸ್ಸು ಹಿಡಿದು ನಡುದಾರಿಯಲ್ಲಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಎರಡನೆಯ ಆಸ್ಪತ್ರೆಯ ಎಳೆ ವಯಸ್ಸಿನ ಡಾಕ್ಟರು ಎಳನೀರು ಕೊಟ್ಟು ಉಪಚರಿಸಿದರು. ನೆಲ ತೊಳೆದಿತ್ತು, ಬಾಟಲಿಗಳಿದ್ದವು. ಮೂಲೆಯಲ್ಲಿ ಆಕ್ಸಿಜನ್ ಸಿಲಿಂಡರೂ ಇತ್ತು.

ಅದರ ಮೇಲೆ ಮೂರು ಗೆರೆ ವಿಭೂತಿ. ನಡುವಿನ ಗೆರೆಯಲ್ಲಿ ನನ್ನ ಹೆಬ್ಬೆರಳಿನ ಗುರುತು.

"ಇದು ಇಲ್ಲಿಗೆ ಯಾವಾಗ ಬಂತು?" ಎಂದೆ.

ಡಾಕ್ಟರು ನೆಲ ನೋಡಿದರು. ಬಾಗಿಲಲ್ಲಿದ್ದ ಅಟೆಂಡರ್ ಮಲ್ಲಯ್ಯನೇ ಬಾಯಿ ಬಿಟ್ಟ. "ಮುಂಜಾನಿ ರೈಸ್ ಮಿಲ್ಲಿನ ಲಾರ್‍ಯಾಗ್ರಿ. ಸಾಹೇಬ್ರು ಬರೋ ಮುಂದ ಹಿಂಗ ಕೊಟ್ಟು ತೊಗೋತೀವ್ರಿ. ಮದುವಿ ಮನಿಗಿ ಹಂಡೆ ಕೊಡಾದಿಲ್ಲೇನ್ರಿ, ಹಂಗ. ನಾಳಿಗಿ ವಾಪಸ್ ಕಳಸ್ತೀವಿ."

"ಅಲ್ಲಿ ಹನುಮವ್ವ ಏನು ಮಾಡಬೇಕೋ ಮಾರಾಯ?"

"ಆರಾಮ ಅದಾಳಂತ ವೀರಪ್ಪ ಹೇಳಿ ಕಳಿಸ್ಯಾನ್ರಿ..." ಎನ್ನುತ್ತ ತಡವರಿಸಿದ.

ಸಿಟ್ಟು ನೆತ್ತಿಗೇರಿತು. ಬೈಯುವುದಕ್ಕೂ ಶಕ್ತಿ ಇರಲಿಲ್ಲ. ಬೈದರೂ ಯಾರನ್ನು ಬೈಯಲಿ? ಸಿಲಿಂಡರ್ ಇಲ್ಲ ಎಂದು ಬರೆದರೆ ಮೇಲಿನವರು ಹೊಸದು ಕೊಡುವುದಿಲ್ಲ, ನೋಟೀಸು ಕೊಡುತ್ತಾರೆ. ವೀರಪ್ಪನಿಗೆ ಫೋನು ಮಾಡೋಣವೆಂದರೆ ಲೈನು ಕೆಟ್ಟು ಎಂಟು ದಿನವಾಗಿತ್ತಂತೆ. ಲಾರಿ ಇನ್ನೂ ಊರಲ್ಲೇ ನೆಲ್ಲು ತುಂಬಿಸಿಕೊಳ್ಳುತ್ತಿತ್ತು. ಸಿಲಿಂಡರನ್ನು ಚೀಲಗಳ ನಡುವೆ ಮಲಗಿಸಿ ನಾನೂ ಅದರ ಪಕ್ಕ ಹತ್ತಿ ಕೂತೆ. ಕ್ಯಾಬಿನ್ನಿನಲ್ಲಿ ಜಾಗವಿತ್ತು, ಆದರೆ ಅದರ ಮೇಲಿನ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಮಸರಕಲ್ ದಾಟುವವರೆಗೆ ಪ್ರತಿ ಗುಂಡಿಗೂ ಅದನ್ನು ತಬ್ಬಿ ಹಿಡಿದೆ. ಆ ಮುದುಕಿ ಬದುಕಿರಲಿ ಎಂದು ಹರಕೆ ಹೊತ್ತೆ, ಸುಳ್ಳು ಯಾಕೆ ಹೇಳಲಿ.

ಹೊತ್ತು ಮುಳುಗುವ ಮೊದಲು ಮುಟ್ಟಿದೆವು. ಹನುಮವ್ವ ಕಿಟಕಿಯ ಸರಳು ಹಿಡಿದು, ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಭೀಮಪ್ಪನ ಟವೆಲು ಬೆಳಗಿನಿಂದ ನಿಂತಿರಲಿಲ್ಲ. ವೀರಪ್ಪ ನನ್ನ ಮುಖ ನೋಡದೆ ನಳಿಗೆ ಜೋಡಿಸಿದ. ಸ್ವಲ್ಪ ಹೊತ್ತಿಗೆ ಆಕೆಯ ಉಸಿರು ಹದಕ್ಕೆ ಬಂತು, ಸರಳು ಬಿಟ್ಟಳು.

ನಾನು ಹೊರಗೆ ಕಟ್ಟೆಯ ಮೇಲೆ ಕುಸಿದು ಕೂತೆ. ಭೀಮಪ್ಪ ಚೊಂಬಿನಲ್ಲಿ ನೀರು ತಂದುಕೊಟ್ಟ.

"ನೀವೇ ಹೊತ್ಕೊಂಡು ಬಂದ್ರಂತಲ್ರಿ ಯಪ್ಪಾ. ನಿಮ್ಮ ಹೊಟ್ಟಿ ತಣ್ಣಗಿರಲಿ," ಎಂದ. ಆಮೇಲೆ ತಲೆ ಕೆರೆದುಕೊಂಡು ಕೇಳಿದ, "ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ನೋಡಾಕ ಬರದಿದ್ರ ಅದು ಇಲ್ಲೇ ಇರ್ತಿತ್ತಲ್ರಿ?"

ಚೊಂಬು ಕೆಳಗಿಟ್ಟೆ. ಹೌದು ಎಂದೆ.

ಮರುದಿನ ರಾಯಚೂರಿಗೆ ಹೊರಡುವ ಮೊದಲು ಒಳಗೆ ಇಣುಕಿದೆ. ಹನುಮವ್ವ ನಿದ್ದೆ ಮಾಡುತ್ತಿದ್ದಳು. ಭೀಮಪ್ಪ ತಲೆಗೆ ಸುತ್ತಿದ್ದ ತನ್ನ ಪಟಗ ಬಿಚ್ಚಿ ಸಿಲಿಂಡರನ್ನು ಮಂಚದ ಕಾಲಿಗೆ ಬಿಗಿಯಾಗಿ ಕಟ್ಟಿ, ಬರಿದಲೆಯಲ್ಲಿ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದ. ನನ್ನನ್ನು ಕಂಡದ್ದೇ ಗಂಟಿನ ಮೇಲೆ ಕೈ ಇಟ್ಟ.