ಅಕ್ಕನ ಸಕ್ಕರೆ ಕಾಯಿಲೆ ಮತ್ತು ನನ್ನ ಇಂಜೆಕ್ಷನ್

ಪ್ರತಿ ಸಲ ಇಂಜೆಕ್ಷನ್ನಿಗೆಂದು ಇಷ್ಟು ದೂರ ಯಾಕೆ ಬರುತ್ತೀರಿ, ಮನೆಯಲ್ಲೇ ಚುಚ್ಚಿಕೊಳ್ಳುವುದನ್ನು ಕಲಿತುಬಿಡಿ ಎಂದು ಡಾಕ್ಟರ್ ಹೇಳಿದ ದಿನ ನಾನು ಆಸ್ಪತ್ರೆಯಿಂದ ಬಸ್‌ಸ್ಟಾಪಿನವರೆಗೂ ಹೆಚ್ಚುಕಡಿಮೆ ಕುಣಿಯುತ್ತಲೇ ಬಂದೆ. ಹೆದರಬೇಕಿತ್ತು, ಹೆದರಿಕೆಯೂ ಇತ್ತು. ಆದರೆ ನನ್ನ ಮೈಯ ಯಜಮಾನಿಕೆಯನ್ನು ಯಾರೋ ನನ್ನ ಕೈಗೇ ಕೊಟ್ಟು ಕಳಿಸಿದ ಹಾಗಿತ್ತು.

ಮನೆಯವರು ಹೆಣ್ಣುಮಗಳೆಂದೇ ಬೆಳೆಸಿದ, ಒಳಗೊಳಗೆ ಗಂಡಾಗಿಯೇ ಬೆಳೆದ ನಾನು ದೆಹಲಿಗೆ ಬಂದದ್ದು ಎಂ.ಫಿಲ್ ಮಾಡಲು. ಬಂದ ಮೇಲೆ ಒಬ್ಬ ಮನೋವೈದ್ಯರ ಮುಂದೆ ತಿಂಗಳುಗಟ್ಟಲೆ ಕೂತು, ನಾನು ಗಂಡಸು ಎಂಬ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿ, ಕೊನೆಗೆ ಗಂಡು ಹಾರ್ಮೋನಿನ ಇಂಜೆಕ್ಷನ್ ಶುರುವಾಗಿತ್ತು. ಮೊದಲ ಕೆಲವನ್ನು ಆಸ್ಪತ್ರೆಯ ನರ್ಸ್ ಕೊಟ್ಟರು. ಒಮ್ಮೆ ಮಾತ್ರ ಮುನಿರ್ಕಾದ ನಮ್ಮ ಗಲ್ಲಿಯ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿನ ಕಾಂಪೌಂಡರ್ ಶೀಷೆಯ ಮೇಲಿನ ಹೆಸರು ಓದಿ, "ಮೇಡಮ್, ಯೇ ತೋ ಮರ್ದೋಂ ವಾಲಾ ಹೈ!" ಎಂದು ಕೂಗಿದ. ಇದು ಗಂಡಸರದ್ದು ಎಂಬ ಸುದ್ದಿ ಬೆಂಚಿನ ಮೇಲೆ ಕೂತಿದ್ದ ನೆಗಡಿ ಜ್ವರದವರಿಗೆಲ್ಲ ತಲುಪಿತು. ಅಂಗಡಿಯವನು ತಪ್ಪು ಕೊಟ್ಟಿದ್ದಾನೆ ಎಂದು ಗೊಣಗುತ್ತಾ ಹೊರಗೆ ಬಂದೆ. ಮತ್ತೆ ಅತ್ತ ತಲೆಹಾಕಲಿಲ್ಲ.

ನರ್ಸ್ ಕೇರಳದವರು. ತೊಡೆಯ ಹೊರಮಗ್ಗುಲಲ್ಲಿ ಎಲ್ಲಿ ಚುಚ್ಚಬೇಕು, ಸೂಜಿಯನ್ನು ಹೇಗೆ ಒಂದೇ ಏಟಿಗೆ ಇಳಿಸಬೇಕು, ಔಷಧವನ್ನು ಮಾತ್ರ ಎಷ್ಟು ನಿಧಾನವಾಗಿ ತಳ್ಳಬೇಕು ಎಂದು ತೋರಿಸಿ, "ಮೊದಲು ಕಿತ್ತಳೆ ಹಣ್ಣಿಗೆ ಚುಚ್ಚಿ ನೋಡಿ" ಎಂದರು. ದೆಹಲಿಯ ಚಳಿಗಾಲದಲ್ಲಿ ಗಾಡಿಗಾಡಿ ಕಿನ್ನೋ ಹಣ್ಣು ಬರುತ್ತದೆ, ದಪ್ಪ ಸಿಪ್ಪೆಯ ಕಿತ್ತಳೆಯಂಥದ್ದು. ಒಂದು ಚೀಲ ತಂದೆ. ನಾನೂ ನನ್ನ ರೂಮ್‌ಮೇಟೂ ವಾರವಿಡೀ ಅವಕ್ಕೆ ನೀರು ಚುಚ್ಚಿದೆವು. ರೂಮ್‌ಮೇಟ್ ಮೈಸೂರಿನವಳು, ಗುಡಗಾಂವಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ನನ್ನ ವಿಷಯ ಗೊತ್ತಾದ ಸಂಜೆ, "ಸರಿ ಕಣೋ, ಈಗ ಊಟಕ್ಕೇನು ಮಾಡೋಣ?" ಎಂದು ಕೇಳಿದ್ದಳು. 'ಕಣೇ' ಎಂಬುದು 'ಕಣೋ' ಆದದ್ದು ಅಷ್ಟೇ ಸಲೀಸಾಗಿ. ನಾನು ಆ ದಿನ ಸುಟ್ಟ ಚಪಾತಿಯನ್ನೂ ಹಬ್ಬದಡುಗೆಯಂತೆ ತಿಂದೆ.

"ಭಾನುವಾರ ನಾನು ಪಕ್ಕದಲ್ಲೇ ಇರ್ತೀನಿ. ನಿನ್ನ ಕೈ ನಡುಗಿದ್ರೆ ನಾನೇ ಚುಚ್ತೀನಿ," ಎಂದು ಅವಳು ಧೈರ್ಯ ಹೇಳಿದಳು.

ಭಾನುವಾರ ಬೆಳಗ್ಗೆ ಮಂಜು ಸರಿದು ನಮ್ಮ ತಾರಸಿಯ ಕೋಣೆಗೆ ಎಳೆಬಿಸಿಲು ಬಂದಿತ್ತು. ಔಷಧ ಎಣ್ಣೆಯಂಥದ್ದು, ಚಳಿಗೆ ಜೇನಿನಂತೆ ಗಟ್ಟಿಯಾಗಿತ್ತು. ಅವಳು ಕಾಫಿ ಲೋಟದಲ್ಲಿ ಬೆಚ್ಚನೆಯ ನೀರು ತುಂಬಿ ಶೀಷೆಯನ್ನು ಅದರಲ್ಲಿ ಕೂರಿಸಿದಳು. ನಾನು ಚಡ್ಡಿ ಹಾಕಿಕೊಂಡು ಮಂಚದ ಅಂಚಿಗೆ ಕೂತೆ. ಹತ್ತಿಯಲ್ಲಿ ಹಿಡಿದು ಶೀಷೆಯ ಕತ್ತನ್ನು ಟಕ್ಕೆಂದು ಮುರಿದೆ, ಔಷಧ ಎಳೆದುಕೊಂಡೆ, ಸೂಜಿ ಬದಲಿಸಿದೆ.

"ಲೋ, ನನಗ್ಯಾಕೋ ಕಣ್ಣು ಕತ್ತಲೆ ಬರ್ತಿದೆ," ಎಂದಳು ಧೈರ್ಯವಂತೆ. ಮರುಕ್ಷಣ ಬಕೆಟ್ಟು, ಮಗ್ಗು, ಪಾತ್ರೆಯ ಸ್ಟ್ಯಾಂಡು ಎಲ್ಲವನ್ನೂ ಜೊತೆಗೆ ಕರೆದುಕೊಂಡು ನೆಲಕ್ಕುರುಳಿದಳು.

ಆ ಸದ್ದಿಗೆ ಕೆಳಗಿನಿಂದ ಮನೆಯ ಮಾಲಕಿ ಏದುಸಿರು ಬಿಡುತ್ತಾ ಮೇಲೆ ಬಂದರು. ಮುನಿರ್ಕಾ ಹೊಲಗದ್ದೆಯಾಗಿದ್ದಾಗಿನಿಂದ ಅಲ್ಲೇ ಇದ್ದ ಕುಟುಂಬದವರು. ಗಲ್ಲಿಯವರೆಲ್ಲ ಅವರನ್ನು 'ತಾಈ' ಅನ್ನುತ್ತಿದ್ದರು, ದೊಡ್ಡಮ್ಮ ಎಂಬ ಅರ್ಥದಲ್ಲಿ. ನಮ್ಮಿಬ್ಬರ ಬಾಯಲ್ಲಿ ಅದು ನಮ್ಮ ಕನ್ನಡದ 'ತಾಯಿ'ಯೇ ಆಗಿಬಿಟ್ಟಿತ್ತು. ತಾಯಿ ಮೊದಲು ಅವಳ ಮುಖಕ್ಕೆ ನೀರು ಚಿಮುಕಿಸಿ ಗೋಡೆಗೆ ಒರಗಿಸಿದರು. ಆಮೇಲೆ ಸಿರಿಂಜ್ ಎತ್ತಿ ಹಿಡಿದು ಕಲ್ಲಾಗಿ ಕೂತಿದ್ದ ನನ್ನ ಕಡೆ ತಿರುಗಿದರು.

"ಶುಗರ್ ಹೈ ತುಝೇ?"

ನನ್ನ ತಲೆ ನನ್ನನ್ನು ಕೇಳದೆಯೇ ಹೌದೆಂದು ಆಡಿತು.

ತಾಯಿಯ ಮುಖ ಕರಗಿತು. "ನನಗೂ ಇದೆ ಬೇಟಾ. ನಾನೂ ದಿನಾ ಚುಚ್ಚಿಕೊಳ್ತೀನಿ. ಆದರೆ ನನ್ನ ಸೂಜಿ ಇಷ್ಟೇ ಇಷ್ಟು. ನಿನಗೆ ಇಷ್ಟುದ್ದದ್ದು ಕೊಟ್ಟಿದ್ದಾರೆ ಅಂದರೆ ಶುಗರ್ ಬಹಳ ಏರಿರಬೇಕು!" ಎನ್ನುತ್ತಾ ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತರು. "ಚಲೋ, ಲಗಾ, ಚುಚ್ಚಿಕೋ. ಸೂಜಿ ನೋಡ್ತಾ ಕೂತರೆ ಸೂಜಿ ದೊಡ್ಡದಾಗ್ತಾ ಹೋಗುತ್ತೆ."

ಇನ್ನು ದಾರಿಯಿರಲಿಲ್ಲ. ಉಸಿರು ಬಿಟ್ಟು ಚುಚ್ಚಿದೆ. ಸೂಜಿ ಕಿನ್ನೋಗಿಂತ ಸುಲಭವಾಗಿ ಒಳಗೆ ಹೋಯಿತು. ನನಗೆ ನಂಬಿಕೆಯೇ ಬರಲಿಲ್ಲ. ನಿಧಾನವಾಗಿ ತಳ್ಳಿದೆ. ಅಷ್ಟು ಹೊತ್ತೂ ತಾಯಿ ತಮ್ಮ ಸೊಸೆ ಚಹಾಕ್ಕೆ ಕದ್ದು ಸಕ್ಕರೆ ಹಾಕಿಕೊಡುವ ಕಥೆ ಹೇಳಿದರು. ಸೂಜಿ ತೆಗೆದು ಹತ್ತಿ ಒತ್ತಿದಾಗ "ಶಾಬಾಶ್!" ಎಂದು ನನ್ನ ಇನ್ನೊಂದು ತೊಡೆಗೆ ರಪ್ಪನೆ ಹೊಡೆದು ಇಳಿದುಹೋದರು. ನೋವಾದದ್ದು ಆ ಏಟಿಗೆ ಮಾತ್ರ.

"ನಾನೇ ಮಾಡಿದೆ ಕಣೇ! ನಾನೇ!" ಎಂದು ಕುಂಟುತ್ತಾ ತಾರಸಿಯಿಡೀ ಓಡಿದೆ. ಅವಳು ಒದ್ದೆ ತಲೆಯಲ್ಲೇ ಕೂತು ನಕ್ಕೂ ನಕ್ಕೂ ಬಿಕ್ಕಳಿಸಿದಳು. ಪಕ್ಕದ ತಾರಸಿಯಲ್ಲಿ ಗಾಳಿಪಟ ಬಿಡುತ್ತಿದ್ದವರು ದಾರ ಹಿಡಿದುಕೊಂಡೇ ನಮ್ಮನ್ನು ನೋಡಿದರು.

ಮಾರನೆಯ ಬೆಳಗ್ಗೆಯಿಂದ ಸ್ಟೀಲ್ ಲೋಟದಲ್ಲಿ ಹಾಗಲಕಾಯಿ ರಸ ಬರತೊಡಗಿತು. ತಾಯಿ ಎದುರು ನಿಂತು ಕುಡಿಸುತ್ತಿದ್ದರು. ಬೇಡವೆಂದರೆ ಸುಳ್ಳು ಬಯಲಾಗುತ್ತದೆ, ಕುಡಿದರೆ ಹೊಟ್ಟೆ ತೊಳಸುತ್ತದೆ. ಕುಡಿದೆ. ಆದರೆ ಆ ತಿಂಗಳುಗಳಲ್ಲಿ ಹಾಗಲಕಾಯಿಯ ಕಹಿಗೂ ನನ್ನ ಖುಷಿಯನ್ನು ಕೆಡಿಸಲಾಗಲಿಲ್ಲ. ಗಂಟಲು ಒಡೆಯಿತು. ಒಂದೇ ವಾಕ್ಯ ಕೊಳಲಿನಲ್ಲಿ ಶುರುವಾಗಿ ಡೋಲಿನಲ್ಲಿ ಮುಗಿಯುತ್ತಿತ್ತು. ಮೇಲ್ದುಟಿಯ ಮೇಲೆ ಇದ್ದಿಲು ಸವರಿದಂಥ ನೆರಳು ಬಿತ್ತು. ಫೋನಿನಲ್ಲಿ ಅಮ್ಮ "ಶೀತ ಆಗಿದ್ಯಾ? ಮೆಣಸಿನ ಕಷಾಯ ಮಾಡ್ಕೊ," ಎಂದಳು. "ಮಾಡ್ಕೋತೀನಿ," ಎಂದೆ. ಕನ್ನಡದಲ್ಲಿ ಅದೊಂದು ಸುಖ. 'ಬರ್ತೀನಿ, ಹೋಗ್ತೀನಿ' ಎನ್ನುವಾಗ ಗಂಡೋ ಹೆಣ್ಣೋ ಎಂದು ಭಾಷೆ ಕೇಳುವುದಿಲ್ಲ. ಅಮ್ಮನಿಗೆ ಹೇಳುವ ಧೈರ್ಯ ಬರುವವರೆಗೂ ಆ ಭಾಷೆ ನನ್ನನ್ನು ಕಾಪಾಡಿತು. ಹಿಂದಿ ಹಾಗಲ್ಲ, ಬಾಯಿ ತೆರೆದರೆ ಲೆಕ್ಕ ಒಪ್ಪಿಸಬೇಕು. ನಾನು ಬರ್ತೀನಿ ಎನ್ನಲು 'ಆತಾ ಹೂಂ' ಎಂದು ಗಂಡಸಿನಂತೆ ಹೇಳಿದರೆ ತಾಯಿ, "ಆತೀ ಹೂಂ ಬೋಲ್! ಈ ಮದ್ರಾಸಿಗಳಿಗೆ ಯಾವತ್ತೂ ಹಿಂದಿ ಬರಲ್ಲ," ಎಂದು ತಿದ್ದುತ್ತಿದ್ದರು.

ಹೋಳಿ ಬಂತು. ಬಾಡಿಗೆಯವರಿಗೆಲ್ಲ ತಾಯಿ ತಟ್ಟೆ ತುಂಬ ಗುಜಿಯಾ ಹಂಚಿದರು, ನಮ್ಮ ಕರಿಗಡುಬಿನಂಥ ಸಿಹಿ. ನನ್ನ ತಟ್ಟೆಯಲ್ಲಿ ಮಾತ್ರ ಹುರಿಗಡಲೆ. ರೂಮ್‌ಮೇಟ್ ನನ್ನ ಕಣ್ಣೆದುರೇ ಚಪ್ಪರಿಸಿ ತಿಂದಳು. ಗುಜಿಯಾದ ಆಸೆಯೋ, ತಾಯಿಯ ಪ್ರೀತಿಗೆ ಸುಳ್ಳು ಹೇಳಿ ಸಾಕಾಗಿತ್ತೋ, ಸಂಜೆ ತಾರಸಿಯಲ್ಲಿ ಅವರು ಕಾಲು ಚಾಚಿ ಕೂತಿದ್ದಾಗ ಹೋಗಿ ಎಲ್ಲ ಹೇಳಿಬಿಟ್ಟೆ. ನನಗೆ ಶುಗರ್ ಇಲ್ಲ. ಅದು ಗಂಡಸಿನ ಇಂಜೆಕ್ಷನ್. ನಾನು ಗಂಡಸು.

ತಾಯಿ ಮುಂದಕ್ಕೆ ಬಾಗಿದರು. ಮೀಸೆಯ ನೆರಳನ್ನು ಬೆರಳಿನಿಂದ ಸವರಿದರು. ಹೋಳಿಯ ಬಣ್ಣವಲ್ಲ ಎಂದು ಖಾತ್ರಿಯಾಯಿತು.

"ಹಾಗಾದರೆ ಹಾಗಲಕಾಯಿ?"

"ಸುಮ್ಮನೆ ಕುಡಿದೆ, ತಾಯಿ."

ಅವರು ನಗಲಿಲ್ಲ. "ಹುಡುಗಿಯರಿಬ್ಬರಿಗೆ ಅಂತ ಕೋಣೆ ಕೊಟ್ಟಿದ್ದು. ಗಲ್ಲಿಯವರು ಏನಂತಾರೆ?" ಎಂದು ಎದ್ದು ಕೆಳಗೆ ಹೋದರು.

ಮರುದಿನ ರಸ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾವಿಬ್ಬರೂ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಲು ಶುರು ಮಾಡಿದೆವು. ಮಯೂರ್ ವಿಹಾರದಲ್ಲಿ ಮನೆ ನೋಡೋಣ ಎಂದು ಅವಳೆಂದಳು. ಆ ಹೊತ್ತಿಗೆ ತಾಯಿ ಮೆಟ್ಟಿಲೇರಿ ಬಂದು ಪೆಟ್ಟಿಗೆ ನೋಡಿ ಗದರಿದರು.

"ಇದೇನಿದು? ನಾನು ಗಲ್ಲಿಗೆಲ್ಲ ಹೇಳಿಯಾಯ್ತು. ಶುಗರ್ ಇದ್ದ ಹುಡುಗಿ ಇಲಾಜಿಗೆ ಊರಿಗೆ ಹೋದಳು. ಅವಳ ಜಾಗಕ್ಕೆ ತಮ್ಮ ಬಂದಿದ್ದಾನೆ. ಮುಖ ಥೇಟ್ ಅಕ್ಕನದ್ದೇ. ಈ ಹುಡುಗಿ ಅವರ ಚಿಕ್ಕಪ್ಪನ ಮಗಳು. ಸಮಝಾ?"

ಸಮಝೀ ಅಲ್ಲ, ಸಮಝಾ! ತಿಳಿಯಿತಾ ಎಂದು ಗಂಡಸನ್ನು ಕೇಳುವ ಹಾಗೆ. ಮೈಸೂರಿನವಳು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಹಾಂ ಎನ್ನಲು ಬಾಯಿ ತೆರೆದೆ. ಹಳೆಯ ಗಂಟಲೂ ಕೈಕೊಟ್ಟಿತು, ಹೊಸದೂ ಕೈಕೊಟ್ಟಿತು. "ತಮ್ಮ ಯಾಕೆ, ಅಣ್ಣ ಅನ್ನಬಹುದಿತ್ತಲ್ಲ?" ಎಂದು ಅವಳು ಕೇಳಿದರೆ ತಾಯಿ, "ಈ ಮೀಸೆಗೆ ಅಣ್ಣನಾ?" ಎಂದರು.

ಅಂದಿನಿಂದ ಗಲ್ಲಿಯಲ್ಲಿ ನನ್ನ ಹೊಸ ಕೆಲಸ ಅಕ್ಕನ ಆರೋಗ್ಯದ ವರದಿ ಕೊಡುವುದು. ತರಕಾರಿ ಗಾಡಿಯ ಭಯ್ಯಾ "ದೀದಿ ಕೈಸೀ ಹೈ?" ಎಂದರೆ, ಬಹಳ ಸುಧಾರಿಸಿದ್ದಾಳೆ ಎನ್ನುತ್ತಿದ್ದೆ. ಹಾಲಿನ ಅಂಗಡಿಯ ಮುದುಕ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಅಕ್ಕ ಎಷ್ಟು ಮೆತ್ತಗಿದ್ದಳು, ನಗುತ್ತಲೇ ಇರಲಿಲ್ಲ. ನೀನು ನೋಡು, ಸದಾ ಹಲ್ಲು ಕಿರೀತೀಯ," ಎಂದ. ನಗು ತಡೆಯಲಾರದೆ ಹಾಲು ಚೆಲ್ಲಿಕೊಂಡು ಮನೆಗೆ ಓಡಿದೆ.

ಮಳೆಗಾಲದಲ್ಲಿ ರಕ್ಷಾಬಂಧನ ಬಂದಾಗ ನನಗದರ ನೆನಪೂ ಇರಲಿಲ್ಲ, ನಮ್ಮ ಮನೆಯಲ್ಲಿ ಆ ಹಬ್ಬವಿಲ್ಲ. ಬೆಳಗ್ಗೆ ಹೊರಟವನನ್ನು ತಾಯಿ ಬಾಗಿಲಲ್ಲೇ ತಡೆದರು. "ಖಾಲಿ ಕೈಯಲ್ಲಿ ಎಲ್ಲಿಗೆ? ಅಕ್ಕ ಇರೋ ತಮ್ಮ ಇವತ್ತು ಹೀಗೆ ಓಡಾಡ್ತಾನಾ? ನನ್ನ ಮಾತು ಯಾರು ನಂಬಬೇಕು?" ಎಂದು ಕೆಂಪು ದಾರ, ಬಂಗಾರದ ಬಣ್ಣದ ಕುಚ್ಚು ಇರುವ ರಾಖಿಯೊಂದನ್ನು ನನ್ನ ಕೈಗೆ ತುರುಕಿದರು.

ರೂಮ್‌ಮೇಟ್ ಕಟ್ಟಲು ಬಂದಳು. ನಾನು ಬಿಡಲಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ನನ್ನ ಕೈಗೆ ನಾನೇ ಕಟ್ಟಿಕೊಂಡೆ. ಗಂಟು ಸರಿಯಾಗಿ ಬೀಳಲು ಮೂರ್ನಾಲ್ಕು ಸಲ ಒದ್ದಾಡಬೇಕಾಯಿತು. ಆಮೇಲೆ ತೋಳು ಮಡಚಿ, ಮೊದಲು ತರಕಾರಿ ಗಾಡಿಯತ್ತ ನಡೆದೆ. ಭಯ್ಯಾ ಹೂಕೋಸು ತೂಗುವುದು ಬಿಟ್ಟು ನನ್ನ ಕೈ ಹಿಡಿದು ನೋಡಿದ.

"ಅಚ್ಛಾ! ದೀದಿ ನೇ ಭೇಜಾ?"

"ಹಾಂ," ಎಂದೆ, ಆ ಹೊತ್ತಿಗೆ ಸಾಕಷ್ಟು ದಪ್ಪಗಾಗಿದ್ದ ನನ್ನ ದನಿಯಲ್ಲಿ, "ಅವಳೇ ಕಳಿಸಿದ್ದು."